ಬಿಳಿ ರೋಬೋಗೆ ಇಟ್ಟ ಕುಂಕುಮ

ಆಯುಧಪೂಜೆ ಹೇಗೆ ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಯಕೋಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರ ಮಗಳು ನಾನು. ಆ ಒಂದು ದಿನ ನಮ್ಮಪ್ಪ ಗಿರಣಿಯ ಬೆಲ್ಟು, ಜರಡಿ, ಮೋಟಾರಿನ ಮುಚ್ಚಳ ಎಲ್ಲವನ್ನೂ ಬಿಚ್ಚಿ ಅಂಗಳದಲ್ಲಿ ಹರಡಿ, ವರ್ಷದ ಜಿಡ್ಡು ಕೆರೆದು, ಒರೆಸಿ, ಗಂಧ ಕುಂಕುಮ ಇಟ್ಟು ಮತ್ತೆ ಜೋಡಿಸುತ್ತಿದ್ದರು. "ಮೇಲ್ಮೇಲೆ ಒರೆಸಿ ಹೂವ ಮಡಗಿದ್ರೆ ಪೂಜೆ ಅಲ್ಲ ಕಣಮ್ಮಿ, ಮೋಸ" ಎನ್ನುತ್ತಿದ್ದರು. ಇಂಥ ಮನೆಯಲ್ಲಿ ತರಬೇತಿ ಪಡೆದ ನಾನು, ಹೊಸೂರಿನ ಬಾಡಿಗೆ ಮನೆಯಲ್ಲಿ ಒಂದು ಕಂಪ್ಯೂಟರಿಗೆ ಹೆದರುವುದೇ?

ಹೆದರಬೇಕಾಗಿತ್ತು.

ಆ ಕಂಪ್ಯೂಟರು ನಮ್ಮ ಯಜಮಾನರದು. ಕೋಲಾರದ ಕಡೆಯವರು, ಇಲ್ಲಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಇಸ್ಪೀಟಿಲ್ಲ, ಬೀಡಿಯಿಲ್ಲ. ಆದರೆ ಎರಡು ಹುಚ್ಚು. ಮೊದಲನೆಯದು ಈ ಕಂಪ್ಯೂಟರು. ಅಂಗಡಿಯಲ್ಲಿ ಜೋಡಿಸಿಟ್ಟದ್ದನ್ನು ತರಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೊಂದು ಭಾಗ ತಂದು, ತಾವೇ ಜೋಡಿಸಿ, ಅದರಲ್ಲಿ ಕಾರು ಓಡಿಸುವ, ಯುದ್ಧ ಮಾಡುವ ಆಟ ಆಡುತ್ತಿದ್ದರು. ತಲೆ ನರೆತ ಮನುಷ್ಯ ಭಾನುವಾರ ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಯಾರದೋ ಕೋಟೆಗೆ ಬಾಂಬು ಹಾಕುತ್ತಿದ್ದರು!

ಎರಡನೆಯದು ಬೊಂಬೆ. ರೋಬೋಗಳು, ಮುಸುಕಿನ ವೀರರು, ಸಿಪಾಯಿಗಳು. ವಿಚಿತ್ರವೇನೆಂದರೆ, ಒಂದನ್ನೂ ಪೆಟ್ಟಿಗೆಯಿಂದ ಆಚೆಗೆ ತೆಗೆದವರಲ್ಲ. ಅಂಗಡಿಯಿಂದ ಬಂದ ಹಾಗೇ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಬಣ್ಣದ ಕುಂಚದಿಂದ ಪೆಟ್ಟಿಗೆಯ ಧೂಳು ಹೊಡೆಯುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಓದುವ ಮಗಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಅವಳಿಗೆ ಬೇರೆ ಬೊಂಬೆ ಕೊಡಿಸಿದರೇ ಹೊರತು ಇವನ್ನು ಕೊಡಲಿಲ್ಲ.

"ಬಿಚ್ಚಲ್ಲ, ಆಡಲ್ಲ, ಮತ್ಯಾಕ್ರೀ ಇವು?" ಎಂದು ಒಮ್ಮೆ ಕೇಳಿದ್ದೆ.

"ಇರ್ಲಿ ಬುಡೇ. ಅದಕ್ಕೂ ಒಂದು ದಿನ ಬತ್ತದೆ" ಎಂದರು.

ನನಗೆ ಅರ್ಥವಾಯಿತು. ನಾವು ರೇಷ್ಮೆ ಸೀರೆಯನ್ನು ಒಳ್ಳೆಯ ದಿನಕ್ಕೆಂದು ಮಡಿಸಿ ಇಡುವುದಿಲ್ಲವೇ, ಹಾಗೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಬೈಯುವವರಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹಗುರಾಗಬಹುದಿತ್ತು. ಬೇಜಾರಾದರೆ ಅವರು ಸುಮ್ಮನಾಗುತ್ತಾರೆ. ಸಾರಿಗೆ ಉಪ್ಪಿಲ್ಲದಿದ್ದರೂ ಕೇಳದೆ ಉಂಡು ಏಳುತ್ತಾರೆ. ಒಮ್ಮೆ ಅವರ ಸಣ್ಣ ಸ್ಕ್ರೂಡ್ರೈವರಿನಿಂದ ತೆಂಗಿನಕಾಯಿ ಹೋಳು ಎಬ್ಬಿಸಿ ಅದರ ಮೂತಿ ಸೊಟ್ಟ ಮಾಡಿದ್ದೆ. ಆ ಸಲ ಬಹಳ ದಿನ ಅವರ ದನಿಯೇ ಮರೆತುಹೋಗಿತ್ತು.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಅವರು ಇಸ್ತ್ರಿ ಷರಟು ತೊಟ್ಟು ಕಾರ್ಖಾನೆಯ ಪೂಜೆಗೆ ಹೊರಟರು. ಹೊಸಿಲಲ್ಲಿ ನಿಂತು, "ಲೇ ರತ್ನಾ, ಕಂಪ್ಯೂಟರ್‌ಗೂ ಒಂಚೂರು ಪೂಜೆ ಮಾಡ್ಬುಡು. ಮಧ್ಯಾಹ್ನ ಬತ್ತೀನಿ" ಎಂದರು.

ಒಂಚೂರು ಪೂಜೆ! ಗಿರಣಿಯವರ ಮಗಳಿಗೆ!

ಅದಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಹಿಂದಿನ ದಿನ ಪಕ್ಕದ ಮನೆಯ ಸೆಲ್ವಿಯಕ್ಕ ಬಂದು ನಮ್ಮ ನವರಾತ್ರಿ ಬೊಂಬೆ ನೋಡಿದ್ದರು. ತಮಿಳಿನವರು, ಅವರ ಮನೆಯ ಕೊಲು, ಅಂದರೆ ಬೊಂಬೆಯ ಮೆಟ್ಟಿಲು, ಸೂರು ಮುಟ್ಟುತ್ತದೆ. ನಮ್ಮಲ್ಲಿ ಮೆಟ್ಟಿಲುಗಳೇನೋ ಇದ್ದವು, ಬೊಂಬೆಗಳ ಪೆಟ್ಟಿಗೆ ಮಾತ್ರ ತವರಲ್ಲೇ ಉಳಿದಿತ್ತು. ಪಟ್ಟದ ರಾಜ ರಾಣಿ ಇಬ್ಬರೇ ಮೇಲೆ ಕೂತಿದ್ದರು.

"ಏನ್ ರತ್ನಾ, ರಾಜ ರಾಣಿ ಪಾವಂ, ಪಾಪ ಇಬ್ರೇ ಕೂತವ್ರೆ! ರಾಜ್ಯದಾಗೆ ಜನಾನೇ ಇಲ್ವಾ?" ಎಂದು ನಕ್ಕಿದ್ದರು.

ಆ ಮಾತು ಇಡೀ ದಿನ ಚುಚ್ಚುತ್ತಿತ್ತು. ಪೂಜೆಯ ದಿನ ಸಂಜೆ ಬೀದಿಯ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರು. ಒಳಗೆ ಕಪಾಟಿನ ತುಂಬ ಬೊಂಬೆ. ಅವುಗಳ ದಿನ ಬರಬೇಕಾದದ್ದು ನವರಾತ್ರಿಯಲ್ಲಲ್ಲದೆ ಇನ್ನು ಯಾವಾಗ? ಕತ್ತರಿ ತಂದೆ.

ಪಾಪ, ಒಂದೊಂದು ಬೊಂಬೆಯನ್ನೂ ಕೈಕಾಲು ಸೇರಿಸಿ ತಂತಿಯಿಂದ ಕಟ್ಟಿಹಾಕಿದ್ದರು! ಎಲ್ಲರನ್ನೂ ಬಿಡುಗಡೆ ಮಾಡಿದೆ. ಸಿಪಾಯಿಗಳನ್ನು ರಾಣಿಯ ಕಾವಲಿಗೆ ನಿಲ್ಲಿಸಿದೆ. ಮುಸುಕಿನ ವೀರರನ್ನು ಎರಡನೆಯ ಮೆಟ್ಟಿಲಿಗೆ ಹಾಕಿದೆ. ಎಲ್ಲಕ್ಕಿಂತ ದೊಡ್ಡದಾದ ಬಿಳಿ ರೋಬೋವನ್ನು ನಟ್ಟನಡುವೆ ನಿಲ್ಲಿಸಿ, ಹಣೆಗೆ ಕುಂಕುಮವಿಟ್ಟು, ಅದರ ಬಂದೂಕಿಗೆ ಒಂದು ತುಂಡು ಕನಕಾಂಬರ ಸಿಕ್ಕಿಸಿದೆ. ಬಲು ಲಕ್ಷಣವಾಗಿ ಕಂಡಿತು.

ಆಮೇಲೆ ಕಂಪ್ಯೂಟರು. ವಯರುಗಳನ್ನೆಲ್ಲ ಕಿತ್ತು ಪಕ್ಕದ ತಗಡು ತೆಗೆದೆ. ಒಳಗೆ ಒಂದು ಫ್ಯಾನು. ಗಿರಣಿಯ ಜರಡಿಯಷ್ಟೇ ಧೂಳು. ಅದನ್ನು ಹಿಡಿದಿದ್ದ ಕೊಕ್ಕೆಗಳು ಟಿಫನ್ ಕ್ಯಾರಿಯರಿನ ಕೊಕ್ಕೆಗಳಂತೆಯೇ ಇದ್ದವು. ಎತ್ತಿದೆ. ಪಟ್ ಎಂದು ಬಂತು. ಫ್ಯಾನಿನ ತಳದಲ್ಲಿ ತಾಮ್ರದ ಬಿಲ್ಲೆ, ಆ ಬಿಲ್ಲೆಗೆ ಅಂಟಿಕೊಂಡು ಕೆಳಗಿನ ಒಂದು ಸಣ್ಣ ಚೌಕವೂ ಬಂದಿತ್ತು. ಅದರ ಹೊಟ್ಟೆಯ ತುಂಬ ಬಾಚಣಿಗೆಯ ಹಲ್ಲಿನಂಥ ಸಣ್ಣ ಸೂಜಿಗಳು. ಮೆಲ್ಲಗೆ ತಿರುಚಿ ಬಿಡಿಸಿದೆ. ಎರಡರ ನಡುವೆ ಬೂದುಬಣ್ಣದ ಏನೋ ಒಣಗಿ ಮೆತ್ತಿಕೊಂಡಿತ್ತು.

ನೋಡಿದ ಕೂಡಲೇ ಗೊತ್ತಾಯಿತು. ಹೋದ ವರ್ಷದ ವಿಭೂತಿ!

ವರ್ಷವಿಡೀ ಹಾಗೇ ಬಿಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಚೆನ್ನಾಗಿ ಕೆರೆದು ತೆಗೆದೆ. ತಾಮ್ರ ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಿಲ್ಲೆ ದೇವರ ಮನೆಯ ಚೊಂಬಿನಂತೆ ಥಳಥಳಿಸಿತು. ಸೆರಗಿನಲ್ಲಿ ಒರೆಸಿ, ಕಲ್ಲಿನ ಮೇಲೆ ತೇಯ್ದ ಗಟ್ಟಿ ಗಂಧವನ್ನು ವಿಭೂತಿ ಇದ್ದ ಜಾಗಕ್ಕೇ ಧಾರಾಳವಾಗಿ ಬಳಿದು, ಚೌಕವನ್ನು ಗೂಡಿಗೆ ಇಟ್ಟು ಒತ್ತಿದೆ. ಸ್ವಲ್ಪ ಮುನಿಸಿಕೊಂಡಿತು. ಇನ್ನೂ ಸ್ವಲ್ಪ ಒತ್ತಿದೆ. ಕೂತಿತು. ಫ್ಯಾನನ್ನು ಮೇಲೆ ಕೂರಿಸಿ ಕೊಕ್ಕೆ ಹಾಕಿ, ವಯರುಗಳನ್ನು ಅವವುಗಳ ಬಣ್ಣ ನೋಡಿ ಸಿಕ್ಕಿಸಿ, ತಗಡು ಮುಚ್ಚಿ, ಮಂಗಳಾರತಿ ಎತ್ತಿದೆ. ನಮ್ಮಪ್ಪ ಇದ್ದಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದರು.

ಆಗ ಫೋನು ಹೊಡೆದುಕೊಂಡಿತು.

"ರತ್ನಾ, ಪೂಜೆ ಆಯ್ತಾ?" ಯಜಮಾನರ ದನಿ. ಹಿಂದೆ ಯಾರೋ ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆಯುವ ಗಲಾಟೆ.

"ಆಯ್ತು ರೀ. ಜೋರಾಗೇ ಆಯ್ತು."

"ಲೇ, ಮುನಿರಾಜು ಒಪ್ಕೊಂಡ ಕಣೇ! ಆ ತಗಡಿನ ರೋಬೋ ಕೊಡ್ತಾನಂತೆ!"

ಮುನಿರಾಜು ಕೃಷ್ಣಗಿರಿಯವರು, ಇವರಂತೆಯೇ ಬೊಂಬೆ ಕೂಡಿಡುವವರು. ಅವರ ಬಳಿ ಕೀಲಿ ಕೊಟ್ಟರೆ ನಡೆಯುವ ಹಳೆಯ ತಗಡಿನ ರೋಬೋ ಇತ್ತು. ಅಂಥದ್ದೊಂದನ್ನು ನಮ್ಮ ಯಜಮಾನರು ಹುಡುಗರಾಗಿದ್ದಾಗ ಕೋಲಾರದ ಅಂಗಡಿಯ ಗಾಜಿನ ಹಿಂದೆ ನೋಡಿ, ಅಪ್ಪನ ಕೈ ಎಳೆದು, ಬೆನ್ನಿಗೆ ಗುದ್ದು ತಿಂದು ಮನೆಗೆ ಬಂದಿದ್ದರಂತೆ. ಮದುವೆಯಾದ ಹೊಸತರಲ್ಲಿ ನನಗೆ ಹೇಳಿದ್ದ ಮೊದಲ ಗುಟ್ಟು ಅದು.

"ಸಂತೋಷ ಕಣ್ರೀ! ದುಡ್ಡೆಷ್ಟಂತೆ?"

"ದುಡ್ಡು ಬ್ಯಾಡ ಅಂತಾನೆ. ನಮ್ಮ ಬಿಳಿ ರೋಬೋ ಕೊಟ್ರೆ ಸಾಕಂತೆ. ಬಿಚ್ದೆ ಮಡಗಿದ್ದೀನಲ್ಲ, ಅದೇ. ಸೀಲ್ ಒಡೆದಿದ್ರೆ ಕೈಯಲ್ಲೂ ಮುಟ್ಟಲ್ಲ ಅವ್ನು. ಸಾಯಂಕಾಲ ಹೆಂಡ್ತಿ ಕರ್ಕಂಡು ಬತ್ತಾನೆ. ಹಂಗೇ ಕಂಪ್ಯೂಟರ್‌ನಾಗೆ ಹೊಸಾ ಆಟ ತೋರಿಸ್ಬೇಕು."

ನಾನು ನಿಂತಲ್ಲಿಂದ ಬಿಳಿ ರೋಬೋ ಕಾಣುತ್ತಿತ್ತು. ಕುಂಕುಮ ಇಟ್ಟುಕೊಂಡು, ಹೂ ಮುಡಿದು, ನನ್ನನ್ನೇ ನೋಡುತ್ತಿತ್ತು.

"ರತ್ನಾ? ಇದ್ದೀಯೇನೇ?"

"ಇದ್ದೀನಿ" ಎಂದೆ. ಎಷ್ಟು ಹೊತ್ತು ಇರುತ್ತೇನೋ ನನಗೇ ಗೊತ್ತಿರಲಿಲ್ಲ.

ಫೋನು ಇಟ್ಟೆ. ಎದೆಯೊಳಗೆ ನಮ್ಮಪ್ಪನ ಗಿರಣಿ ಬೆಲ್ಟು ಜಾರಿದ ಹಾಗೆ ಸದ್ದು. ಮೊದಲು ಕುಂಕುಮ ಒರೆಸಿದೆ. ಅದು ಹೋಗಲಿಲ್ಲ, ಹರಡಿತು. ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆ. ಹಣೆಯ ಕೆಂಪು ಕೆನ್ನೆಗಿಳಿಯಿತು. ಸೋಪು ಹಾಕಿದೆ. ಈಗ ರೋಬೋ ಮೈಯೆಲ್ಲ ಗುಲಾಬಿ! ಮದುವೆಗೆ ಹೊರಟ ಹುಡುಗಿಯ ಹಾಗೆ ನಾಚಿಕೊಂಡು ನಿಂತಿತು.

"ಸೆಲ್ವಿಯಕ್ಕಾ!" ಎಂದು ಗೋಡೆಯ ಮೇಲಿಂದ ಕೂಗಿದೆ. ಅವರು ಪೂಜೆಯ ಕಡಲೆಪುರಿ ತಟ್ಟೆ ಹಿಡಿದೇ ಓಡಿಬಂದರು.

"ಅಯ್ಯಯ್ಯೋ, ಯಾರಿಗಮ್ಮ ಏನಾಯ್ತು?"

"ಇದನ್ನ ಬಿಚ್ಚಬಾರದಾಗಿತ್ತಂತೆ ಅಕ್ಕಾ. ಮತ್ತೆ ಬಿಚ್ಚದೇ ಇರೋ ಹಾಗೆ ಮಾಡಬೇಕು."

ಸೆಲ್ವಿಯಕ್ಕ ರೋಬೋ ನೋಡಿದರು, ಹರಿದ ಪೆಟ್ಟಿಗೆ ನೋಡಿದರು, ನನ್ನ ಮುಖ ನೋಡಿದರು. "ಸೀಲ್ ಅಷ್ಟೇ ತಾನೇ? ಅನ್ನ ಇದ್ಯಾ?" ಎಂದರು.

ಅನ್ನ ಕಿವುಚಿ ಅಂಟು ಮಾಡಿದೆವು. ರೋಬೋವಿನ ಕೈಕಾಲು ಮಡಿಸಲು ಹೋದರೆ ಬಿಡುಗಡೆಯ ರುಚಿ ಕಂಡ ಅದು ಒಪ್ಪಲಿಲ್ಲ. ಒಂದು ಕೈ ಒಳಗೆ ಹೋದರೆ ಇನ್ನೊಂದು ಆಚೆಗೆ. ಕೊನೆಗೆ ಸೆಲ್ವಿಯಕ್ಕ ಮೊಣಕಾಲಿನಿಂದ ಒತ್ತಿ ಹಿಡಿದರು, ನಾನು ಅಂಟಿಸಿದೆ. ರಟ್ಟು ಸುಕ್ಕಾಗಿತ್ತು.

"ಇಸ್ತ್ರಿ ಹಾಕು, ನೀಟಾಗ್ತದೆ" ಎಂದರು ಸೆಲ್ವಿಯಕ್ಕ.

ಹಾಕಿದೆ. ರಟ್ಟು ನೀಟಾಯಿತು. ಅದರ ಮುಂದಿದ್ದ ಪ್ಲಾಸ್ಟಿಕ್ ಕಿಟಕಿ ಮಾತ್ರ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುಡಿ, ಇಸ್ತ್ರಿಪೆಟ್ಟಿಗೆಗೇ ಹತ್ತಿಕೊಂಡಿತು.

"ಪರವಾಗಿಲ್ಲ ಬುಡು, ಬೆನ್ನು ಕಾಣೋ ಹಂಗೆ ಕೊಡೋಣ" ಎಂದರು ಸೆಲ್ವಿಯಕ್ಕ. ಆದರೆ ಅವರ ದನಿಯಲ್ಲೂ ಮೊದಲಿನ ಧೈರ್ಯ ಇರಲಿಲ್ಲ.

ನನಗೆ ಒಂದೇ ಆಸೆ ಉಳಿದಿತ್ತು. ಕಂಪ್ಯೂಟರಾದರೂ ಸರಿಯಿದ್ದರೆ ಇಬ್ಬರೂ ಆಟದಲ್ಲಿ ಮೈಮರೆತು ಪೆಟ್ಟಿಗೆಯನ್ನು ನೋಡದೇ ಹೋಗಬಹುದು. ದೇವರ ನೆನೆದು ಗುಂಡಿ ಒತ್ತಿದೆ. ಫ್ಯಾನು ಗರ್ ಎಂದಿತು. ಪರದೆ ಕಪ್ಪು. ಸ್ವಲ್ಪ ಹೊತ್ತಿಗೆ ರೂಮಿನ ತುಂಬ ಗರ್ಭಗುಡಿಯ ಪರಿಮಳ. ಆಮೇಲೆ ಟಕ್ ಎಂದು ಎಲ್ಲ ನಿಂತುಹೋಯಿತು.

"ವಾಸ್ನೆ ಮಾತ್ರ ಚೆನ್ನಾಗೈತಮ್ಮಾ" ಎಂದು ಸಮಾಧಾನ ಹೇಳಿ, ಸೆಲ್ವಿಯಕ್ಕ ಪುರಿ ತಟ್ಟೆಯನ್ನೂ ಮರೆತು ಮನೆಗೆ ನಡೆದರು. ಆಪತ್ತಿನಲ್ಲಿ ಮನುಷ್ಯ ಒಂಟಿ!

ಯಜಮಾನರು ಬಂದಾಗ ನಾನು ಅಡುಗೆಮನೆಯಲ್ಲಿ, ಇದ್ದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಚಪ್ಪಲಿ ಬಿಟ್ಟ ಸದ್ದು. ಹಜಾರಕ್ಕೆ ಬಂದ ಸದ್ದು. ಮೆಟ್ಟಿಲುಗಳ ಮುಂದೆ ನಿಂತ ಸದ್ದು. ಆಮೇಲೆ ಸದ್ದೇ ಇಲ್ಲ. ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ರೂಮಿಗೆ ಹೋದರು. ಪಕ್ಕದ ತಗಡು ತೆಗೆದರು. ಬಹಳ ಹೊತ್ತಾದ ಮೇಲೆ ಬಾಗಿಲಿಗೆ ಬಂದು ನಿಂತರು. ಬೆರಳ ತುದಿಯನ್ನು ಮೂಗಿನ ಬಳಿ ಹಿಡಿದಿದ್ದರು.

"ಗಂಧಾನಾ?"

"ಹೂಂ ರೀ. ನಾನೇ ತೇಯ್ದದ್ದು."

"ಅಲ್ಲಿ ಬಿಸಿಯಾಗ್ದಂಗೆ ಹಚ್ಚಿದ್ದ ಪೇಸ್ಟು?"

"ಹೋದ ವರ್ಷದ ವಿಭೂತಿ ಅಲ್ವಾ?"

ಅವರು ಹಿತ್ತಲಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಬೈಯಿರೀ ಎಂದು ಕೂಗಬೇಕೆನಿಸಿತು.

ಸಂಜೆ ಬೀದಿಯ ಹೆಂಗಸರು ಬರುವ ಮೊದಲೇ ಮುನಿರಾಜು ದಂಪತಿ ಬಂದರು. ಅವರ ಕೈಯಲ್ಲಿ ಹತ್ತಿ ಬಟ್ಟೆ ಸುತ್ತಿದ ತಗಡಿನ ರೋಬೋ. ಯಜಮಾನರು ಅದನ್ನು ನೋಡಿದ ನೋಟವನ್ನು ನನ್ನಿಂದ ನೋಡಲಾಗಲಿಲ್ಲ. ಆದರೂ ಒಂದು ಮಾತನ್ನೂ ಮುಚ್ಚಿಡದೆ, ಅನ್ನದ ಅಂಟಿನ ಪೆಟ್ಟಿಗೆಯನ್ನು ತಂದು ಮುಂದಿಟ್ಟರು.

"ಸೀಲ್ ಬಿಚ್ಚೋಗದೆ ಮುನಿರಾಜು."

ಮುನಿರಾಜು ಪೆಟ್ಟಿಗೆ ತಿರುಗಿಸಿದರು. ಒಳಗಿನಿಂದ ಗುಲಾಬಿ ಮುಖವೊಂದು ಇಣುಕಿತು. "ಶಿವ ಶಿವಾ" ಎಂದು, ಸಾವಿನ ಮನೆಗೆ ಬಂದವರಂತೆ ಯಜಮಾನರ ಬೆನ್ನು ಸವರಿ, ತಮ್ಮ ರೋಬೋವಿಗೆ ಮತ್ತೆ ಬಟ್ಟೆ ಸುತ್ತಿದರು.

ಅಷ್ಟರಲ್ಲಿ ಮೆಟ್ಟಿಲುಗಳನ್ನೇ ಕಣ್ಣರಳಿಸಿ ನೋಡುತ್ತಿದ್ದ ಅವರ ಹೆಂಡತಿ ನನ್ನ ಹತ್ತಿರ ಸರಿದರು. "ಎಷ್ಟು ಚೆಂದಾಗೈತಕ್ಕಾ! ನಮ್ಮನೇಲೂ ಒಂದು ಮಂಚದಡಿ ಪೂರಾ ಇಂಥವೇ ಬಿದ್ದವೆ. ಕತ್ತರೀಲಿ ಬಿಚ್ಚಿದ್ರೆ ಸಾಕಾ?"

ಮುನಿರಾಜು ಕಾಫಿ ಲೋಟ ಕೆಳಗಿಟ್ಟರು. ಬಣ್ಣ ಇಳಿದ ಮುಖದಲ್ಲಿ, "ಏಳೇ, ಬಸ್ಸು ಹೋಗ್ಬುಡ್ತದೆ" ಎಂದರು.

"ಈಗ ತಾನೇ ಬಂದ್ವಲ್ಲ! ಕುಂಕುಮ ತಕ್ಕಂತೀನಿ."

"ಈ ಮನೆ ಕುಂಕುಮ ಬ್ಯಾಡ, ಏಳು!"

ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಆ ತಾಯಿ ತಿರುಗಿ ತಿರುಗಿ ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು.

ನಾನು ಕಂಬ ಹಿಡಿದು ನಿಂತಿದ್ದೆ. ಒಳಗೆ ಯಜಮಾನರು ಪೆಟ್ಟಿಗೆಯಿಂದ ರೋಬೋವನ್ನು ಆಚೆಗೆ ತೆಗೆದು ಮಂಡಿಯ ಮೇಲೆ ಕೂರಿಸಿಕೊಂಡಿದ್ದರು. ಅದರ ಕೈ ಹಿಡಿದು ಮೆಲ್ಲಗೆ ತಿರುಗಿಸಿದರು. ಕಟಕಟ ಎಂದು ಸುತ್ತಿತು. ಇನ್ನೊಮ್ಮೆ ತಿರುಗಿಸಿದರು.

"ರತ್ನಾ" ಎಂದರು. "ಇದರ ಕೈ ಪೂರಾ ಸುತ್ತತದೆ ನೋಡೇ. ಇಷ್ಟು ವರ್ಷ ಮಡಗಿದ್ದೀನಿ, ನಂಗೇ ಗೊತ್ತಿರಲಿಲ್ಲ."

ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ. ಅವರು ಗಾಬರಿಯಾಗಿ, ರೋಬೋವನ್ನೇ ನನ್ನ ಕೈಗೆ ಕೊಟ್ಟು ಸಮಾಧಾನ ಮಾಡಿದರು. ತಗಡಿನ ರೋಬೋ ಮಾತ್ರ ಮತ್ತೆ ನಮ್ಮ ಮನೆಯ ಕಡೆಗೆ ಬರಲಿಲ್ಲ. ಆ ಮಾತನ್ನು ಇವತ್ತಿಗೂ ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಕಂಪ್ಯೂಟರಿನ ಸೊಟ್ಟಗಾದ ಸೂಜಿಗಳನ್ನು ಅವರು ಭೂತಗನ್ನಡಿ ಹಿಡಿದು ನೆಟ್ಟಗೆ ಮಾಡಿದರು. ಅದು ಬದುಕಿತು. ಆದರೆ ಯುದ್ಧ ಬಿಸಿಯೇರಿದಾಗಲೆಲ್ಲ ಮನೆಯ ತುಂಬ ಗಂಧದ ಪರಿಮಳ ಹರಡುತ್ತದೆ.

ಮರುವರ್ಷದ ಆಯುಧಪೂಜೆಗೆ ಆ ರೂಮಿನ ಬಾಗಿಲಿಗೆ ಹಿತ್ತಾಳೆಯ ದೊಡ್ಡ ಬೀಗ ಬಿದ್ದಿತ್ತು. "ಪೂಜೆನ ಬೀಗಕ್ಕೇ ಮಾಡ್ಬುಡು. ಒಳಗಿರೋದಕ್ಕೆಲ್ಲ ಸೇರ್ತದೆ" ಎಂದರು. ಭಕ್ತಿಯಿಂದ ಗಂಧ ಹಚ್ಚಿದೆ, ಹೂ ಇಟ್ಟೆ. ಹಚ್ಚುವಾಗ ನೋಡಿದರೆ ಬೀಗದ ಕಂಡಿಯೊಳಗೆ ಏನೋ ಜಿಡ್ಡು ಕೂತಂತೆ ಕಂಡಿತು. ಹುಣಸೆಹಣ್ಣು ತರೋಣವೆಂದು ತಿರುಗಿದೆ.

ಯಜಮಾನರು ಕುರ್ಚಿ ಎಳೆದುಕೊಂಡು ಬೀಗದ ಪಕ್ಕದಲ್ಲೇ ಕೂತಿದ್ದರು. ಆ ವರ್ಷ ಕಾರ್ಖಾನೆಯ ಪೂಜೆಗೇ ಹೋಗಿರಲಿಲ್ಲ!