ವಿಮಾನದ ಮೂಗಿನಲ್ಲಿ ಭಂಡಾರ

ಯಂತ್ರ ತಾನಾಗಿ ಕೆಡುವುದು ಕಡಿಮೆ. ಪಕ್ಕದಲ್ಲಿ ಅವಸರದ ದೊಡ್ಡ ಮನುಷ್ಯನೊಬ್ಬ ನಿಂತೇ ಇರುತ್ತಾನೆ. ಎಂಬತ್ತರ ದಶಕದಲ್ಲಿ ಕಬ್ಬಿಗೆ ಹುಳ ಬಿದ್ದಾಗ ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆ ಔಷಧಿ ಹೊಡೆಯಲು ಸಣ್ಣ ವಿಮಾನ ತರಿಸಿತು. ಕಾರ್ಖಾನೆಯ ವಿರುದ್ಧ ಬಾವುಟ ಹಿಡಿಯುತ್ತಿದ್ದ ನನ್ನನ್ನೇ ಹೊಲದ ಬದುವಿನಲ್ಲಿ ಬಾವುಟ ಕೊಟ್ಟು ನಿಲ್ಲಿಸಿದರು, ವಿಮಾನಕ್ಕೆ ಸಾಲು ತೋರಿಸಲು.

ಬಾಟ್ಲಿ

ಪೈಲಟ್ ದಿನಾ ಬೆಳಿಗ್ಗೆ ಟಾಕಿಯ ತಳದಿಂದ ಗಾಜಿನ ಬಾಟ್ಲಿಗೆ ಸ್ವಲ್ಪ ಪೆಟ್ರೋಲು ಬಸಿದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅದರಲ್ಲಿ ನೀರು ಸೇರಿದ್ದರೆ ಎಂಜಿನ್ ಆಕಾಶದಲ್ಲೇ ನಿಲ್ಲುತ್ತದೆ.

ಕಾರ್ಖಾನೆಯ ಚೇರಮನ್ನರಿಗೆ ಬೇಸರ. “ನಿನ್ನೆ ನೋಡೀರಲ್ರಿ, ಮತ್ತೇನ್ ನೋಡ್ತೀರಿ?”

“ನಿನ್ನೆ ಉಂಡೀರಲ್ರಿ ಸಾಹೇಬ್ರ, ಇವತ್ತ ಬ್ಯಾಡೇನ್ರಿ?” ಎಂದ ಪೈಲಟ್.

ಮೂಗು

ಒಂದು ದಿನ ಮಂಗಸೂಳಿ ಊರಿನ ಅಜ್ಜನೊಬ್ಬ ಬಂದ. ಹೊಸ ಟ್ರ್ಯಾಕ್ಟರಿಗೆ ಎರಚಿದಂತೆ ವಿಮಾನಕ್ಕೂ ಮಲ್ಲಯ್ಯ ದೇವರ ಭಂಡಾರವನ್ನು, ಅಂದರೆ ಅರಿಷಿಣ ಪುಡಿಯನ್ನು, ಮುಷ್ಟಿಗಟ್ಟಲೆ ಎರಚಿದ. ರೆಕ್ಕೆಯ ಕೆಳಗೊಂದು ಸಣ್ಣ ಕೊಳವೆ ಇತ್ತು, ವಿಮಾನದ ಮೂಗಿದ್ದಂತೆ. ಅದರೊಳಗೆ ಗಾಳಿ ಹೊಕ್ಕರೆ ವೇಗದ ಮುಳ್ಳು ಏಳುತ್ತದೆ. ಈಗ ಅದರ ತುಂಬ ಅರಿಷಿಣ. ವಿಮಾನ ಓಡಿತು, ಮುಳ್ಳು ಏಳಲಿಲ್ಲ. ವೇಗ ತಿಳಿಯದೆ ಹಾರಿದರೆ ಬೀಳುವುದೇ ಎಂದು ಪೈಲಟ್ ಓಡುಪಟ್ಟಿಯ ತುದಿಯಲ್ಲಿ ಹೇಗೋ ನಿಲ್ಲಿಸಿದ.

“ದೇವರ ಭಂಡಾರ ಹೆಂಗ ಕೆಡಸತೈತ್ರಿ?” ಎಂದ ಅಜ್ಜ.

“ಹಣಿಗೆ ಹಚ್ಚಬೇಕೋ ಅಜ್ಜಾ. ಮೂಗಿನಾಗ ತುಂಬಿದ್ರ ದೇವರಿಗೂ ಉಸಿರು ಕಟ್ಟತೈತಿ,” ಎಂದೆ.

ಬೇಡಿಕೆ

ಕೊಳವೆ ಬಿಚ್ಚಿ ತೊಳೆಯಲು ಮಧ್ಯಾಹ್ನದ ತನಕ ಬೇಕು ಎಂದ ಪೈಲಟ್. ಚೇರಮನ್ನರು ಅಂದು ಹಾರಾಟ ನೋಡಲು ಊರ ಹಿರಿಯರನ್ನೆಲ್ಲ ಕರೆದಿದ್ದರು.

“ನಮ್ಮ ಜೀಪಿನ ಮೀಟರ್ ಕೆಟ್ಟು ಎಷ್ಟೋ ವರ್ಷ ಆತು, ಓಡೂದಿಲ್ಲೇನು? ಹಾರಸ್ತೀರೋ, ನಾಳೆ ಬ್ಯಾರೆಯವರನ್ನ ಕರಸ್ಲೋ?”

ಪೈಲಟ್‌ನ ಮುಖ ಇಳಿಯಿತು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ವಿಮಾನ ಹತ್ತಿ ಕೂತ. ನೆಲದ ಮೇಲೆ ನಿಂತವನು ಹಾರು ಎನ್ನುತ್ತಾನೆ, ಬೀಳುವವನು ಬೇರೆ. ನನಗೆ ಮೈ ಉರಿಯಿತು. ಬಾವುಟ ಸಮೇತ ವಿಮಾನದ ಮುಂದೆ ಹೋಗಿ ಕೂತೆ. ರೈತರೂ ಕೂತರು, ಅಜ್ಜನೂ ಕೂತ.

“ಏನಪಾ ನಿಮ್ಮ ಬೇಡಿಕೆ?” ಎಂದರು ಚೇರಮನ್ನರು, ರೂಢಿಯಂತೆ.

“ಮೂಗು ತೊಳೀರಿ.”

ಪೈಲಟ್ ಮೆಲ್ಲಗೆ ಕೆಳಗಿಳಿದು ಕೊಳವೆ ಬಿಚ್ಚಲು ಪಾನಾ ಹುಡುಕತೊಡಗಿದ. ಚೇರಮನ್ನರು ಸಿಟ್ಟಿನಿಂದ ಜೀಪು ಹತ್ತಿದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಹೆಂಗೂ ಖಾಲಿ ಕುಂತೀರಿ, ಒಂದೀಟ ದಬ್ಬರಿ.”

ಎಲ್ಲರೂ ಎದ್ದು ದಬ್ಬಿದೆವು, ಪೈಲಟ್ ಸಹ. ಅಜ್ಜ ಏದುಸಿರು ಬಿಡುತ್ತ ಕಿಟಕಿಗೆ ಬಾಯಿಟ್ಟು ಕೇಳಿದ:

“ಸಾಹೇಬ್ರ, ಆ ವಿಮಾನ ಮ್ಯಾಲೆ ಹೋಗಿ ಹಿಂಗ ನಿಂತಿದ್ರ, ದಬ್ಬಾಕ ಯಾರನ್ನ ಕಳಸ್ತಿದ್ರಿ?”