ಬಾಕಿ ಉಳಿದ ಫೈನಲ್

ಹೆಂಡತಿ ಮೆಟ್ಟಿಲ ಮೇಲೆ ನಿಂತು ಎರಡು ಮಾತು ಕಡಿಮೆ ಆಡಿದ್ದರೆ ಎಡಗೈಯಣ್ಣನಿಗೆ ಆ ಭಾನುವಾರ ಅಂಥ ಗತಿ ಬರುತ್ತಿರಲಿಲ್ಲ. ಮೇಲಿನ ಮನೆಗೆ ಹೊಸದಾಗಿ ಬಂದಿದ್ದ ಲಾರಿ ಡ್ರೈವರನ ಹೆಂಡತಿಗೆ ಅವಳು ಎಂದಿನ ಕತೆ ಬಿಚ್ಚಿದಳು: ತನ್ನ ಗಂಡ ಈಗ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿರಬಹುದು, ಒಂದು ಕಾಲದಲ್ಲಿ ಬಾಕ್ಸಿಂಗಿನಲ್ಲಿ ಹುಲಿ, ಫೈನಲ್ ದಿನ ಹಾಳು ಜ್ವರ ಬಾರದಿದ್ದರೆ ಕಪ್ಪು ಮನೆಯಲ್ಲಿರುತ್ತಿತ್ತು. ಆಕೆ ಕಣ್ಣರಳಿಸಿ, "ಆ ಫೈನಲ್ಲಲ್ಲಿ ಎದುರಾಳಿ ನಮ್ಮೋರೇ ಕಣ್ರೀ" ಅಂದಳು.

ತಗೋ, ಹಲ್ಲುಜ್ಜುವಷ್ಟರಲ್ಲಿ ಇಡೀ ಕಟ್ಟಡಕ್ಕೆ ಸುದ್ದಿ. ಕಪ್ಪು ಗೆದ್ದವರು ನೀವೇನಾ ಎಂದು ಕೇಳಿದವರಿಗೆಲ್ಲ ಡ್ರೈವರು ಸುಮ್ಮನೆ ನಕ್ಕ. ಎಂಥ ವಿನಯ ಅಂದುಕೊಂಡರು ಜನ. ಮನೆ ಓನರಂತೂ ಆ ಫೈನಲ್ಲನ್ನು ಇವತ್ತು ಸಂಜೆಯೇ ಟೆರೇಸಿನ ಮೇಲೆ ಮುಗಿಸಿಬಿಡೋಣ ಎಂದು ಘೋಷಿಸಿದರು. ಕೆಳಗಿನ ಖಾಲಿ ಹಾಲಿನಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಕ್ಲಾಸು ತೆರೆಯಬೇಕೆಂದು ಅವರಿಗೆ ಬಹಳ ದಿನದ ಆಸೆ. ಗೆದ್ದವನೇ ಮೇಷ್ಟ್ರು.

ಆ ಕೆಲಸ ಸಿಕ್ಕರೆ ಎಡಗೈಯಣ್ಣನಿಗೆ ಸ್ವರ್ಗವೇ ಸಿಕ್ಕಂತೆ. ಪಾಪ, ಅವನ ಎಡಗೈ ಸುಳ್ಳಲ್ಲ. ಅದು ಯಾವಾಗ ಹೊರಟು ಯಾವಾಗ ತಾಗಿತೆಂದು ಎದುರಿಗಿದ್ದವನಿಗೇ ತಿಳಿಯುತ್ತಿರಲಿಲ್ಲ. ಸುಳ್ಳಾಗಿದ್ದದ್ದು ಜ್ವರ. ಪ್ರತಿ ಪಂದ್ಯಕ್ಕೂ ಮುಂಚೆ ಅವನ ಮೊಣಕಾಲು ನಡುಗುತ್ತಿತ್ತು. ಫೈನಲ್ ದಿನ ಕ್ರೀಡಾಂಗಣದ ಹಿಂಬಾಗಿಲವರೆಗೆ ಹೋದವನು ಹಾಗೇ ತಿರುಗಿ ಬಂದು ಕಂಬಳಿ ಹೊದ್ದು ಮಲಗಿಬಿಟ್ಟಿದ್ದ. ಕಪ್ಪು ಯಾರ ಪಾಲಾಯಿತೆಂದು ಕೇಳುವ ಧೈರ್ಯವೂ ಬಂದಿರಲಿಲ್ಲ.

ಈಗ ಮತ್ತೆ ಜ್ವರ ಬಂತೆಂದರೆ ಯಾರು ನಂಬುತ್ತಾರೆ? ಭುಜ ನೋವು ಎಂದ. ಪಕ್ಕದ ಮನೆಯ ಕಾಂಪೌಂಡರು ಬಂದು ಕೈಯನ್ನು ಹಿಂದಕ್ಕೆ ತಿರುಚಿದ ರಭಸಕ್ಕೆ ವರ್ಷಗಟ್ಟಲೆ ಇದ್ದ ನಿಜವಾದ ನೋವೇ ಮಾಯವಾಯಿತು. ಹಾಕಿಕೊಳ್ಳಲು ಚಡ್ಡಿ ಇಲ್ಲ ಎಂದ. ಟೈಲರಕ್ಕ ಹಳೇ ಪರದೆ ಕತ್ತರಿಸಿ ಹೂಹೂವಿನ ಚಡ್ಡಿ ಹೊಲಿದುಕೊಟ್ಟಳು, ಅದೂ ಅಳತೆಗೆ ಸರಿಯಾಗಿ. ಲಾಂಡ್ರಿಯಲ್ಲಿ ಅರ್ಜೆಂಟ್ ಕೆಲಸ ಇದೆ ಎಂದು ಓಡಿದರೆ, ಇವತ್ತು ಕೈ ಸುಟ್ಟುಕೊಂಡೀಯೆ ಮಾರಾಯ ಎಂದು ಮಾಲೀಕ ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ವಾಪಸ್ಸು ಬಿಟ್ಟ.

ಸಂಜೆ ಟೆರೇಸಿನಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿದ್ದೇ ತಡ, ಎಡಗೈಯಣ್ಣ ಮೆಟ್ಟಿಲ ಕೆಳಗಿನ ಪಂಪ್ ರೂಮಿಗೆ ನುಸುಳಿದ. ಒಳಗೆ ಆಗಲೇ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಡ್ರೈವರು!

"ದಮ್ಮಯ್ಯ, ಯಾರಿಗೂ ಹೇಳ್ಬೇಡಿ" ಎಂದು ಡ್ರೈವರು ಕೈಮುಗಿದ. "ನಂಗೆ ಮೊದ್ಲಿಂದ್ಲೂ ಹೀಗೇ. ಆವತ್ತೂ ಹೆದ್ರಿಕೊಂಡು ಬಸ್ ಹತ್ತಿಬಿಟ್ಟೆ. ನೀವೂ ಬಂದಿರ್ಲಿಲ್ಲ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು. ನಾನು ಸುಮ್ನೆ ಬಂದು ನಿಂತಿದ್ರೂ ಸಾಕಿತ್ತಲ್ರೀ, ಒಂದೇಟೂ ಹೊಡೀದೆ ಕಪ್ಪು ನಂದಾಗ್ತಿತ್ತು."

ಎಡಗೈಯಣ್ಣನಿಗೂ ಆವತ್ತು ಅಷ್ಟೇ ಸಾಕಿತ್ತು. ಇಷ್ಟು ವರ್ಷ ಕಂಡವರ ಪ್ಯಾಂಟಿಗೆ ಗೆರೆ ಹಾಕಿದ್ದು ನೆನೆದು ದುಃಖ ಒತ್ತರಿಸಿ ಬಂತು. ಅವನೂ ನಿಜ ಹೇಳಿಬಿಟ್ಟ. ಇಬ್ಬರೂ ಕಣ್ಣೊರೆಸಿಕೊಂಡು ಒಪ್ಪಂದ ಮಾಡಿಕೊಂಡರು: ಯಾರೂ ಮೇಲೆ ಹೋಗುವುದು ಬೇಡ. ಡ್ರೈವರು ಹಿಂದಿನ ಗೇಟಿನತ್ತ ನಡೆದ, ಇವನು ಮುಂದಿನ ಗೇಟಿನತ್ತ.

ಗೇಟಿಗೆ ಕೈ ಹಾಕುತ್ತಿದ್ದಂತೆ ಎಡಗೈಯಣ್ಣನಿಗೆ ಹೊಳೆಯಿತು. ಡ್ರೈವರಂತೂ ಹೋದ. ಈಗ ತಾನು ಸುಮ್ಮನೆ ಮೇಲೆ ಹೋಗಿ ನಿಂತರೆ? ಮಾಡಿದ ತಪ್ಪನ್ನೇ ಮತ್ತೆ ಮಾಡುವಷ್ಟು ದಡ್ಡನೇ ತಾನು? ಡ್ರೈವರನ ಮುಖ ನೆನಪಾಗಿ ಒಂಚೂರು ನಾಚಿಕೆಯಾಯಿತು ನಿಜ. ಆದರೆ ಮೊಣಕಾಲು ನಡುಗುತ್ತಿರಲಿಲ್ಲ, ಹುಟ್ಟಿದ ಮೇಲೆ ಇದೇ ಮೊದಲು.

ಎರಡೆರಡು ಮೆಟ್ಟಿಲು ಹಾರಿ ಟೆರೇಸು ತಲುಪಿದ. ಚಪ್ಪಾಳೆಯೋ ಚಪ್ಪಾಳೆ. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ರಿಂಗಿನಂತೆ ಸುತ್ತ ಕಟ್ಟಿದ್ದ ಹಗ್ಗದೊಳಗೆ ನುಗ್ಗಿ, ಎಡಗೈ ಎತ್ತಿ, ಎದೆಯುಬ್ಬಿಸಿ ಕೇಳಿದ: "ಎದುರಾಳಿ ಬರ್ಲಿಲ್ಲ ಅಂದ್ರೆ ನಾನೇ ಮೇಷ್ಟ್ರು ತಾನೇ, ಓನರೇ?"

"ಅವರೂ ಈಗಷ್ಟೇ ಇದನ್ನೇ ಕೇಳಿದ್ರು" ಎಂದು ಓನರು ಅವನ ಬೆನ್ನ ಹಿಂದಕ್ಕೆ ಕೈ ತೋರಿಸಿದರು.

ಹಿಂದಿನ ಕಬ್ಬಿಣದ ಏಣಿ ಹತ್ತಿ ಬಂದ ಡ್ರೈವರು, ಏದುಸಿರು ಬಿಡುತ್ತಾ, ಇವನ ಮುಖ ನೋಡಲಾರದೆ ಹಗ್ಗದೊಳಗಿನ ಮೂಲೆಯಲ್ಲಿ ನಿಂತಿದ್ದ. ಟೈಲರಕ್ಕ ಹಗ್ಗದ ಗಂಟು ಬಿಗಿದಳು. ಓನರು ಸೀಟಿ ಊದಿದರು.