ಆಫ್ ಮಾಡಲಾಗದ ಕಾರು

ಮೊದಲೇ ಹೇಳಿಬಿಡುತ್ತೇನೆ, ನಾನು ಕಾರು ಚೆನ್ನಾಗಿಯೇ ಓಡಿಸುತ್ತೇನೆ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಹೆಂಗಸು ಸೈಕಲ್ ತುಳಿದರೂ ಜನ ಜಗುಲಿಗೆ ಬಂದು ನೋಡುತ್ತಿದ್ದ ಕಾಲದಲ್ಲಿ ನಮ್ಮಪ್ಪನ ಕಾರಿನಲ್ಲಿ ಸಂತೆಬೀದಿ ದಾಟಿದವಳು ನಾನು. ಆ ಕಾರಿಗೆ ಹಿತ್ತಾಳೆಯ ಕೀ ಇತ್ತು. ಕೀ ತೂರಿಸಲು ಒಂದು ತೂತಿತ್ತು. ಕಾರು ಓಡುತ್ತಿದೆ ಎಂದರೆ ಕೀ ಅದರ ತೂತಿನಲ್ಲೇ ಇದೆ ಎಂದು ಅರ್ಥ. ಎಂಥ ನೆಮ್ಮದಿಯ ಕಾಲ!

ಈಗಿನ ನಮ್ಮ ಕಾರಿಗೆ ತೂತಿಲ್ಲ. ಸವೆದ ಸೋಪಿನ ಬಿಲ್ಲೆಯಂಥ ಒಂದು ಕಪ್ಪು ಕೀ. ಅದು ಕಾರಿನೊಳಗೆ ಎಲ್ಲೋ ಇದ್ದರೆ ಸಾಕು, ಗುಂಡಿ ಒತ್ತಿದರೆ ಇಂಜಿನ್ ಸ್ಟಾರ್ಟ್. ಕಾರು ಮನೆಗೆ ಬಂದ ದಿನ ನಮ್ಮ ಯಜಮಾನರು ಸೀಟಿನ ಪ್ಲಾಸ್ಟಿಕ್ ತೆಗೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರು. ನಾನು ಮ್ಯಾನ್ಯುಯಲ್ ಹಿಡಿದು ಕೂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಿಟಾ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು, "ಗರ್ಲ್ಸ್, ರೀಡ್ ದಿ ಇನ್‌ಸ್ಟ್ರಕ್ಷನ್ಸ್ ಫಸ್ಟ್!" ಎನ್ನುತ್ತಿದ್ದರು. ಆ ಮಾತನ್ನು ನಾನು ಇವತ್ತಿಗೂ ಮೀರಿಲ್ಲ. ಹನ್ನೊಂದು ಮಧ್ಯಾಹ್ನ ನಿದ್ದೆ ಬಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಇಡೀ ಪುಸ್ತಕ ಓದಿ ಮುಗಿಸಿದೆ. ಏರ್‌ಪೋರ್ಟ್ ಬಂದಮೇಲೆ ನಮ್ಮ ಕಡೆ ದ್ರಾಕ್ಷಿ ತೋಟಗಳಿಗಿಂತ ಕಾರುಗಳೇ ಹೆಚ್ಚಾಗಿವೆ. ಆದರೆ ಕಾರಿನ ಪುಸ್ತಕ ಓದಿದವರು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಎಂದು ನನ್ನ ವಿನಮ್ರ ಅಭಿಪ್ರಾಯ.

ಸೇಫ್ಟಿಯ ವಿಷಯದಲ್ಲಿ ನಾನು ಎಂಥವಳೆಂದರೆ, ಕಳ್ಳರು ಗಾಳಿಯಲ್ಲೇ ಕೀಯ ಸಿಗ್ನಲ್ ಹಿಡಿದು ಕಾರು ಕದಿಯುತ್ತಾರೆ ಎಂದು ಪಕ್ಕದ ಮನೆಯ ಗೌರಮ್ಮ ವಾಟ್ಸಾಪ್ ಕಳಿಸಿದ್ದೇ ತಡ, ಎರಡನೇ ಕೀಯನ್ನು ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಮೂರು ಸುತ್ತು ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಯಾವ ಕಳ್ಳನಿಗೂ ಹೊಳೆಯದ ಜಾಗದಲ್ಲಿ ಭದ್ರಪಡಿಸಿದೆ.

ಹೀಗಿರುವಾಗ ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ ಶಾರದಮ್ಮ, ಪುಣೆಯಿಂದ ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದರು. ವಾಪಸ್ ಹೊರಡುವ ಸೋಮವಾರ, ಅವರನ್ನು ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆಂದೆ. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಯಜಮಾನರು ಎದ್ದು ನಿಂತರು.

"ಟ್ಯಾಕ್ಸಿ ಕರ್ಸು. ಇಲ್ಲಾ ಮುನಿರಾಜನ್ನ ಕರ್ಸು."

"ಬೀಗಿತ್ತೀನ ಟ್ಯಾಕ್ಸೀಲಿ ಕಳ್ಸೋದಾ? ಏನಂದ್ಕೊಳ್ತಾರೆ! ಇನ್ನು ಮುನಿರಾಜು ಕರ್ಕೊಂಡ್ ಹೋದ್ರೆ ಅವರು ಪುಣೆ ಸೇರೋದು ಯುಗಾದಿಗೆ."

ಮುನಿರಾಜು ಯಜಮಾನರ ರೇಷ್ಮೆ ವ್ಯಾಪಾರದ ಕಾಲದ ಟೆಂಪೋ ಡ್ರೈವರ್. ಮೂವತ್ತರ ಮೇಲೆ ಸ್ಪೀಡಿನ ಮುಳ್ಳು ಹೋದರೆ ಪಾಪ ಬರುತ್ತದೆ ಎಂದು ನಂಬಿದವನು.

"ಸರಿ ಮೇಡಂ, ಹೋಗ್ಬನ್ನಿ," ಎಂದರು ಯಜಮಾನರು. ಕೋಪ ಬಂದಾಗ ನಾನು ಮೇಡಂ ಆಗುತ್ತೇನೆ. "ಆದ್ರೆ ಈ ಸಲ ಏನಾದ್ರೂ ಎಡವಟ್ಟಾದ್ರೆ ಕೀ ನನ್ ಕೈಗೆ. ಅವತ್ತಿಂದ ಮುನಿರಾಜನೇ ಡ್ರೈವರು. ನಿಮ್ಗೆ ಪಕ್ಕದ್ ಸೀಟು."

"ಡನ್!" ಎಂದೆ. 'ಈ ಸಲ' ಎಂದದ್ದು ನಮ್ಮ ಗೇಟಿನ ಕಂಬವನ್ನು ಕುರಿತು. ಆ ಕಂಬ ಮೊದಲಿಂದಲೂ ಸ್ವಲ್ಪ ಬಾಗಿಯೇ ಇತ್ತು.

ಈಗ ರಾಹುಕಾಲದ ವಿಷಯ ಹೇಳಬೇಕು. ರಾಹುಕಾಲ ಶುರುವಾಗುವ ಮೊದಲೇ ಹೊಸ್ತಿಲು ದಾಟಬೇಕೆಂದು ಶಾರದಮ್ಮ ಹಟ ಹಿಡಿದರು. ದಾಟಿದೆವು. ಆದರೆ ಆ ಗಡಿಬಿಡಿಯಲ್ಲಿ ಅವರ ಮಡಿಲು ತುಂಬುವುದು ಉಳಿದುಹೋಯಿತು! ಮುತ್ತೈದೆಯನ್ನು, ಅದರಲ್ಲೂ ಬೀಗಿತ್ತಿಯನ್ನು, ಬರಿಮಡಿಲಲ್ಲಿ ಕಳಿಸುವುದುಂಟೆ? ಹಾಗೆಂದು ರಾಹುಕಾಲದಲ್ಲಿ ಮಡಿಲಕ್ಕಿ ಹಾಕುವುದುಂಟೆ? ಎರಡೂ ಇಲ್ಲ. ಹಾಗಾಗಿ ಅಕ್ಕಿ, ಬೆಲ್ಲ, ಎಲೆಅಡಿಕೆ, ರವಿಕೆ ಬಟ್ಟೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕಾರಿನಲ್ಲಿಟ್ಟೆ. ವಿಮಾನದಲ್ಲಿ ತೆಂಗಿನಕಾಯಿಗೆ ತಕರಾರು ಮಾಡುತ್ತಾರೆಂದು ಯಾರೋ ಹೇಳಿದ್ದರಿಂದ ಅದರ ಬದಲು ನಮ್ಮ ದೇವನಹಳ್ಳಿಯ ಎರಡು ದೊಡ್ಡ ಚಕ್ಕೋತ. ರಾಹುಕಾಲ ಮುಗಿಯುವ ಹೊತ್ತಿಗೆ ಏರ್‌ಪೋರ್ಟ್. ಅಲ್ಲೇ ಮಡಿಲು ತುಂಬುವುದು. ಪ್ಲಾನ್ ಪರ್ಫೆಕ್ಟ್!

ಕೀ ಎಲ್ಲಿಡಲಿ? ಸೊಂಟಕ್ಕೆ ಸಿಕ್ಕಿಸಿದರೆ ಜಾರುತ್ತದೆ, ವ್ಯಾನಿಟಿ ಬ್ಯಾಗಿನಲ್ಲಿ ಸಿಗುವುದಿಲ್ಲ. ಕಣ್ಣೆದುರಿಗೇ ಇರಲಿ ಎಂದು ಮಡಿಲಕ್ಕಿ ಚೀಲದಲ್ಲಿ, ಬೆಲ್ಲದ ಅಚ್ಚಿನ ಪಕ್ಕದಲ್ಲಿ ಇಟ್ಟೆ.

ಶಾರದಮ್ಮ ಹಿಂದೆ ಕೂತರು. ಮುಂದಿನ ಸೀಟಿನಲ್ಲಿ ಚೀಲ. ಹೊರಟ ತಕ್ಷಣ ಕಾರು ಟಿಣ್ ಟಿಣ್ ಎಂದಿತು.

"ಏನದು ಸುಶೀಲಮ್ಮ? ಏನಾಯ್ತು?"

"ಏನಿಲ್ಲ. ಚೀಲದ ಭಾರಕ್ಕೆ ಯಾರೋ ಕೂತಿದಾರೆ ಅಂದ್ಕೊಂಡಿದೆ. ಬೆಲ್ಟ್ ಹಾಕ್ಬೇಕಂತೆ," ಎಂದು ನಿಲ್ಲಿಸಿ, ಚಕ್ಕೋತಗಳಿಗೆ ಸೀಟ್‌ಬೆಲ್ಟ್ ಹಾಕಿದೆ. ಸದ್ದು ನಿಂತಿತು. ಬೀಗಿತ್ತಿ ಬೆರಗಾದರು. "ಎಷ್ಟು ತಿಳ್ಕೊಂಡಿದೀರ್ರೀ!" ಎಂದರು. ಆ ಮಾತಿಗೆ ನಾನು ಆ ಕ್ಷಣ ಕಾರನ್ನೇ ಬರೆದುಕೊಡುತ್ತಿದ್ದೆ. ಆಮೇಲೆ ನಡೆದದ್ದೂ ಹೆಚ್ಚುಕಡಿಮೆ ಅದೇ.

ರಾಹುಕಾಲ ಮುಗಿಯಲೆಂದು ರಸ್ತೆ ಬದಿಯಲ್ಲಿ ಕಾದು, ಕೊನೆಯ ಗಳಿಗೆಗೆ ಏರ್‌ಪೋರ್ಟಿನ ಬಾಗಿಲು ಮುಟ್ಟಿದೆವು. ಇಂಜಿನ್ ಆಫ್ ಮಾಡಲೂ ಪುರುಸೊತ್ತಿರಲಿಲ್ಲ. ಸೆಕ್ಯೂರಿಟಿಯವನು ಸೀಟಿ ಊದುತ್ತ ಬಂದ.

"ಅಮ್ಮಾ, ಇಳ್ಸಿ ಹೋಗ್ತಾ ಇರ್ಬೇಕು. ಗಾಡಿ ನಿಲ್ಲಿಸ್ಬಾರ್ದು."

"ಒಂದೇ ನಿಮಿಷ ಕಣಪ್ಪ. ಪೂರ್ವ ಯಾವ ಕಡೆ?"

"ಪೂರ್ವಾನಾ? ಡಿಪಾರ್ಚರ್ ಮಾತ್ರ ಗೊತ್ತಮ್ಮ ನಂಗೆ!"

ನನಗೇನು, ಕಾರಿನ ಪರದೆಯಲ್ಲಿ ದಿಕ್ಸೂಚಿ ಇದೆ. ನೋಡಿ, ಬೀಗಿತ್ತಿಯನ್ನು ಟ್ರಾಲಿಯ ಪಕ್ಕ ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿ, ಅವರು ಸೆರಗು ಒಡ್ಡಿದ ಕೂಡಲೇ ಬೊಗಸೆ ಬೊಗಸೆಯಾಗಿ ಮೂರು ಸಲ ಅಕ್ಕಿ ಹಾಕಿ, ಸೀಟಿ ಜೋರಾದದ್ದರಿಂದ ಉಳಿದದ್ದನ್ನು ಚೀಲ ಬೋರಲಾಗಿಸಿ ಒಮ್ಮೆಲೇ ಸುರಿದುಬಿಟ್ಟೆ. ಶಾರದಮ್ಮ ಎಲ್ಲವನ್ನೂ ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಚೀಲಕ್ಕೆ ತುರುಕಿ, ಓಡುತ್ತಲೇ ಒಳಗೆ ಹೋದರು. ನಾನು ಕಾರು ಹತ್ತಿದೆ. ಕಾರು ಬೀಪ್ ಬೀಪ್ ಬೀಪ್ ಎಂದಿತು. ಅದು ಗೆರೆ ತುಳಿದರೆ ಬೀಪ್, ಬಾಗಿಲು ತೆಗೆದರೆ ಬೀಪ್, ಎಂಬತ್ತು ದಾಟಿದರೆ ಬೀಪ್ ಎನ್ನುವ ಕಾರು. ಬೀಗಿತ್ತಿಗೆ ಟಾಟಾ ಹೇಳುತ್ತಿದೆ ಎಂದುಕೊಂಡು, "ಥ್ಯಾಂಕ್ಯೂ ಡಿಯರ್," ಎಂದು ಹೊರಟುಬಿಟ್ಟೆ.

ಅರ್ಧ ಗಂಟೆ ನನ್ನಷ್ಟು ಸುಖಿ ಈ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ದೇವನಹಳ್ಳಿ ಹತ್ತಿರ ಬಂದಾಗ ಪರದೆಯಲ್ಲಿ ಒಂದು ಹಳದಿ ಸಾಲು ಕಂಡಿತು. 'ಕೀ ನಾಟ್ ಡಿಟೆಕ್ಟೆಡ್'. ಎಷ್ಟು ಕ್ಲಿಯರ್ ಇಂಗ್ಲಿಷ್ ಎಂದು ಮೆಚ್ಚಿಕೊಂಡೆ. ಆಮೇಲೆ ಅದರ ಅರ್ಥ ಹೊಳೆಯಿತು.

ಇಂಡಿಕೇಟರ್ ಹಾಕಿ, ಶಿಸ್ತಾಗಿ ಬದಿಗೆ ನಿಲ್ಲಿಸಿ, ಸೊಂಟ ನೋಡಿಕೊಂಡೆ. ಬ್ಯಾಗು ನೋಡಿದೆ. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡ ಖಾಲಿ ಜಾಗ ನೋಡಿದೆ. ಬೆಲ್ಲದ ಅಚ್ಚು ನೆನಪಾಯಿತು. ಶಾರದಮ್ಮನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್! ಬೀಗಿತ್ತಿ ವಿಮಾನದಲ್ಲಿ, ಕೀ ಅವರ ಮಡಿಲಕ್ಕಿಯಲ್ಲಿ.

ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಮ್ಯಾನ್ಯುಯಲ್ ಓದಿದವಳು. ಕೀ ಇಲ್ಲದಿದ್ದರೂ ಓಡುತ್ತಿರುವ ಇಂಜಿನ್ ಓಡುತ್ತಲೇ ಇರುತ್ತದೆ. ಆದರೆ ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಂದರೆ ಮನೆಯವರೆಗೆ ಆಫ್ ಮಾಡದೆ ಹೋಗಬೇಕು, ಬೀರುವಿನಲ್ಲಿರುವ ಎರಡನೇ ಕೀ ತರಬೇಕು, ಮುಗಿಯಿತು. ಯಜಮಾನರಿಗೆ ಫೋನ್ ಮಾಡುವ ಮಾತೇ ಇಲ್ಲ. ಮಾಡಿದರೆ ಎಡವಟ್ಟು ಎಂದು ಒಪ್ಪಿಕೊಂಡಂತೆ. ಇದು ಎಡವಟ್ಟಲ್ಲ, ಸಿಚುಯೇಷನ್.

ಮುಂದೆ ಸಿಗ್ನಲ್ ಕೆಂಪಾಯಿತು. ಆಗ ನನಗೆ ನೂರಾ ಹನ್ನೆರಡನೇ ಪುಟ ನೆನಪಾಯಿತು. ಸಿಗ್ನಲ್‌ನಲ್ಲಿ ಪೂರ್ತಿ ನಿಂತರೆ ಪೆಟ್ರೋಲ್ ಉಳಿಸಲು ಈ ಕಾರಿನ ಇಂಜಿನ್ ತಾನೇ ಆಫ್ ಆಗುತ್ತದೆ! ಆ ಸೌಲಭ್ಯವನ್ನು ಬಂದವರಿಗೆಲ್ಲ ಹೊಗಳಿ ತೋರಿಸಿದವಳು ನಾನೇ. ಈಗಷ್ಟೇ ಬದಿಗೆ ನಿಂತಾಗ ಆಫ್ ಆಗದೆ ಉಳಿದದ್ದೇ ನನ್ನ ಪುಣ್ಯ. ಹಾಗಾಗಿ ನಿಲ್ಲಲೇ ಇಲ್ಲ. ಇನ್ನೂರು ಗಜ ದೂರದಿಂದಲೇ ಬಸವನಹುಳುವಿನಂತೆ ತೆವಳತೊಡಗಿದೆ. ಹಿಂದೆ ಹಾರ್ನುಗಳ ಮಹಾಪೂರ. ಲಾರಿಯವನೊಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಅಜ್ಜೀ, ಮೆರವಣಿಗೆನಾ? ವಾಲಗ ಎಲ್ಲಿ?"

"ಹಿಂದೆ ಬರ್ತಾ ಇದೆ, ನೀನ್ ಮುಂದೆ ಹೋಗಪ್ಪ!"

ಕೊನೆಗೂ ಸಿಗ್ನಲ್ ತಲುಪಿದೆ, ಇನ್ನೂ ಕೆಂಪು! ಇನ್ನೇನು ನಿಲ್ಲಲೇಬೇಕು. ಆ ಸೌಲಭ್ಯವನ್ನು ಬಂದ್ ಮಾಡುವ ಗುಂಡಿ ಗೇರಿನ ಪಕ್ಕದಲ್ಲಿದೆ. ಅದರ ಜೊತೆಗೆ ಅದರ ಅಕ್ಕತಂಗಿಯರಂಥ ಇನ್ನೆರಡು ಗುಂಡಿಗಳಿವೆ. ಮೊದಲನೆಯದು ಒತ್ತಿದೆ, ಸೀಟು ನನ್ನ ಬೆನ್ನಿಗೆ ತಣ್ಣಗೆ ಊದತೊಡಗಿತು. ಎರಡನೆಯದು ಒತ್ತಿದೆ, ಹಿಂದಿನ ಗಾಜಿನ ಮೇಲೆ ವೈಪರ್ ಕುಣಿಯತೊಡಗಿತು. ಮೂರನೆಯದು ಒತ್ತಿ, ಬ್ರೇಕ್ ತುಳಿದು ಕಣ್ಣು ಮುಚ್ಚಿದೆ. ಇಂಜಿನ್ ಉಸಿರಾಡುತ್ತಲೇ ಇತ್ತು. ಸಿಸ್ಟರ್ ಬೆನಿಟಾ ನೆನಪಾಗಿ ಕಣ್ಣಲ್ಲಿ ನೀರು ಬಂತು. ಹಸಿರಾಯಿತು.

ಅಷ್ಟರಲ್ಲಿ ಪೆಟ್ರೋಲ್ ದೀಪ ಹತ್ತಿತು. ವಾಪಸ್ ಬರುವಾಗ ಹಾಕಿಸೋಣವೆಂದು ಬಿಟ್ಟಿದ್ದೆ. ಬಂಕಿಗೆ ತಿರುಗಿಸಿದೆ. ಪೈಪು ಹಿಡಿದಿದ್ದ ಹುಡುಗಿ, "ಇಂಜಿನ್ ಆಫ್ ಮಾಡಿ ಮೇಡಂ," ಎಂದಳು.

"ಆಗಲ್ಲಮ್ಮ."

"ಯಾಕೆ, ಗಾಡಿ ಕೆಟ್ಟೋಗಿದ್ಯಾ?"

"ಇಲ್ಲ, ಚೆನ್ನಾಗ್ ಓಡ್ತಿದೆ. ಅದೇ ತೊಂದ್ರೆ."

ಅವಳು ನನ್ನನ್ನು ಒಮ್ಮೆ, ಕುಣಿಯುತ್ತಿದ್ದ ವೈಪರನ್ನು ಒಮ್ಮೆ ನೋಡಿದಳು. "ಆಫ್ ಮಾಡ್ದೆ ಹಾಕಲ್ಲ ಮೇಡಂ, ರೂಲ್ಸು. ಮನೇಲಿ ಯಾರಾದ್ರೂ ಇದ್ರೆ ಫೋನ್ ಮಾಡ್ಲಾ?"

"ಬೇಡ, ಬೇಡ!" ಎಂದು ಚೀರಿದೆ. ಆದರೆ ರೂಲ್ಸ್ ಎಂದರೆ ನನಗೂ ಗೌರವ. ವಾದ ಮಾಡದೆ ಹೊರಟೆ. ಪೆಟ್ರೋಲ್ ಉಳಿಸಲು ಎ.ಸಿ. ಬಂದ್ ಮಾಡಿದೆ, ರೇಡಿಯೋ ಬಂದ್ ಮಾಡಿದೆ, ಉಸಿರಾಟವನ್ನೂ ಸ್ವಲ್ಪ ಕಡಿಮೆ ಮಾಡಿದೆ. ಹೊಂಡ ಬಂದಾಗ "ನಿಧಾನ ಕಣಮ್ಮ" ಎಂದು ಕಾರಿಗೆ ಹೇಳಿಕೊಳ್ಳುತ್ತ, ಬೆವರಿನಲ್ಲಿ ಮಿಂದು, ಮೂವತ್ತರ ಮೇಲೆ ಮುಳ್ಳು ಏರಿಸದೆ ವಿಜಯಪುರ ಸೇರಿದೆ. ಮುನಿರಾಜು ದಾರಿಯಲ್ಲಿ ಸೈಕಲ್ ಮೇಲೆ ಸಿಕ್ಕಿ, "ಈಗ ಸರಿಯಾಗ್ ಓಡಿಸ್ತಾ ಇದೀರಮ್ಮ!" ಎಂದು ಮೆಚ್ಚಿದ.

ಗೇಟಿನ ಕಂಬಕ್ಕೆ ತಗುಲದಂತೆ ಒಳಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಬುರ್ರೆನ್ನಲು ಬಿಟ್ಟು ಒಳಕ್ಕೆ ಓಡಿದೆ. ಬೀರು ತೆಗೆದೆ. ಸೀರೆಗಳ ಕೆಳಗಿಲ್ಲ. ಒಡವೆ ಪೆಟ್ಟಿಗೆಯಲ್ಲಿಲ್ಲ. ದೇವರ ಗೂಡಿನಲ್ಲಿಲ್ಲ. ಅಕ್ಕಿ ಡಬ್ಬದಲ್ಲಿ ಮೊಣಕೈವರೆಗೆ ಕೈ ಹಾಕಿದ್ದಾಗ ಯಜಮಾನರು ಬಂದು ನಿಂತರು.

"ಯಾಕೆ ಮೇಡಂ, ಹೊರಗೆ ಗಾಡಿ ಆನ್ ಆಗೇ ಇದೆ?"

"ಅದಾ... ಬ್ಯಾಟರಿ ಚಾರ್ಜ್ ಆಗ್ಲಿ ಅಂತ."

"ಒಳಗೆ ಅಕ್ಕೀಲಿ ಏನ್ ಹುಡುಕ್ತಿದೀರಿ?"

"ಎರಡನೇ ಕೀ," ಎಂದೆ.

ಯಜಮಾನರು ಕಪ್ಪು ಕನ್ನಡಕ ಸರಿಮಾಡಿಕೊಂಡು ಕಾರಿನ ಹತ್ತಿರ ಹೋದರು. ಸ್ಟೇರಿಂಗಿನ ಪಕ್ಕದ ಡ್ಯಾಶ್‌ಬೋರ್ಡ್ ಖಾನೆ ತೆಗೆದರು. ನನ್ನ ಪೆನ್ಸಿಲ್ ಗೆರೆಗಳ ಮ್ಯಾನ್ಯುಯಲ್ ಎತ್ತಿದರು. ಅದರ ಕೆಳಗಿತ್ತು ಸ್ಟೀಲ್ ಡಬ್ಬಿ!

"ಹಳ್ಳಿ ಕಡೆ ಎಲ್ಲಾದ್ರೂ ಕೀ ಕಳ್ದೋದ್ರೆ ಸ್ಪೇರು ಕಾರಲ್ಲೇ ಇರ್ಲಿ ಅಂತ ನೀನೇ ಅಲ್ವೇನೇ ಇಟ್ಟಿದ್ದು?" ಎನ್ನುತ್ತ ಫಾಯಿಲ್ ಬಿಚ್ಚಿದರು. ಒಂದು ಸುತ್ತು. ಎರಡು. ಮೂರು. ಪರದೆಯ ಹಳದಿ ಸಾಲು ಮಾಯವಾಯಿತು. ಆ ಕೀ ಇಡೀ ದಾರಿ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಕೂತಿತ್ತು. ಸಿಗ್ನಲ್ ಕಳ್ಳರಿಂದ ಬಚ್ಚಿಟ್ಟದ್ದು ಕಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಯಜಮಾನರು ಇಂಜಿನ್ ಆಫ್ ಮಾಡಿ, ಕೀಯನ್ನು ಜೇಬಿಗೆ ಹಾಕಿಕೊಂಡು, ಜೇಬನ್ನು ಎರಡು ಸಲ ತಟ್ಟಿದರು.

ಒಂದು ಕೀ ಹೋದರೇನು, ಪುಣೆಯಲ್ಲಿ ಇನ್ನೊಂದಿದೆಯಲ್ಲ ಎಂದು ನಾನಿನ್ನೂ ಧೈರ್ಯವಾಗಿಯೇ ಇದ್ದೆ. ಮಧ್ಯಾಹ್ನ ಶಾರದಮ್ಮನ ಫೋನ್ ಬಂತು.

"ಸುಶೀಲಮ್ಮ, ಗಂಟು ಬಿಚ್ತೀನಿ, ಬೆಲ್ಲದ ಪಕ್ಕ ಕಾರ್ ಕೀ! ನಮ್ಮನೆಯವ್ರು 'ಬೀಗರು ದೊಡ್ಡ ಮನಸ್ಸು ಮಾಡಿದಾರೆ, ಕಾರು ಯಾವಾಗ ಕಳಿಸ್ತಾರೆ ಕೇಳು' ಅಂತಿದಾರೆ."

"ಅಯ್ಯೋ, ದಯವಿಟ್ಟು ಕೊರಿಯರ್ ಮಾಡ್ಬಿಡಿ ಶಾರದಮ್ಮನೋರೇ. ನನ್ ಹೆಸರಿಗೇ ಮಾಡಿ."

"ಮಡಿಲಿಗೆ ಹಾಕಿದ್ದನ್ನ ಕೊರಿಯರ್ ಮಾಡ್ತಾರೇನ್ರೀ? ಶಾಸ್ತ್ರ ತಿಳಿದ ನೀವೇ ಹೀಗಂದ್ರೆ? ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಇಟ್ಟಿದೀನಿ. ನೀವೇ ಬನ್ನಿ, ನಿಮ್ಮ ಮಡಿಲಿಗೇ ಹಾಕಿ ಕಳಿಸ್ತೀನಿ."

ಪುಣೆಗೆ ಹೋಗಲು ಮತ್ತೆ ಏರ್‌ಪೋರ್ಟಿಗೇ ಹೋಗಬೇಕು. ಬಿಡುವವನು ಮುನಿರಾಜು. ಅದೇ ಮೂವತ್ತರಲ್ಲಿ.

ಈಗೆಲ್ಲ ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ಕೂತ ಕೂಡಲೇ ಕಾರು ಟಿಣ್ ಟಿಣ್ ಎನ್ನುತ್ತದೆ, ಬೆಲ್ಟ್ ಹಾಕಿಕೊಳ್ಳುತ್ತೇನೆ. "ಇಂಡಿಕೇಟರ್ ಹಾಕಪ್ಪಾ," ಎಂದರೆ ಮುನಿರಾಜು, "ಅಮ್ಮಾವ್ರೇ, ನೀವ್ ಮಾತಾಡ್ಬಾರ್ದಂತೆ, ಯಜಮಾನ್ರು ಹೇಳವ್ರೆ," ಎನ್ನುತ್ತಾನೆ. ನನಗಿಂತ ಮೊದಲು ಇದೇ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದದ್ದು ಆ ಎರಡು ಚಕ್ಕೋತಗಳು. ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ. ಕೀಯನ್ನೂ ತಮ್ಮ ಪಕ್ಕದಲ್ಲೇ ಭದ್ರವಾಗಿ ಇಟ್ಟುಕೊಂಡಿದ್ದವು!